ಬಲಗೈಯದು ಒಂದು ನಡೆ, ಡ್ರಮ್ಮಿನದು ಇನ್ನೊಂದು

ಕಳೆದ ಸಂಚಿಕೆಯಲ್ಲಿ ಅಮೆರಿಕದ ಕರಿಯ ರಾಕ್ ಅಂಡ್ ರೋಲ್ ಹಾಡುಗಾರ, ಪಿಯಾನೋ ವಾದಕ ಲಿಟಲ್ ರಿಚರ್ಡ್‌ನ ಮೊದಲ ಲಾಂಗ್ ಪ್ಲೇ ರೆಕಾರ್ಡ್ ‘ಹಿಯರ್ಸ್ ಲಿಟಲ್ ರಿಚರ್ಡ್’ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಈ ತಿಂಗಳ ಪತ್ರಗಳಲ್ಲಿ ಹೆಚ್ಚಿನವು ಅದನ್ನೇ ಹಿಡಿದು ಬಂದಿವೆ. ಹಾಗಾಗಿ ಈ ಸಲ ಬೇರೆ ವಿಷಯಕ್ಕೆ ಕೈ ಹಾಕುವುದಿಲ್ಲ. ಹಿಂದಿನ ಸಂಚಿಕೆ ನೋಡದವರಿಗಾಗಿ ಇಷ್ಟು: ಅಮೆರಿಕದ ಲಾಸ್ ಏಂಜಲೀಸ್‌ನ ಸ್ಪೆಷಾಲ್ಟಿ ಎಂಬ ಸಣ್ಣ ಕಂಪನಿ 1957ರ ಮಾರ್ಚ್‌ನಲ್ಲಿ ಹೊರತಂದ ರೆಕಾರ್ಡ್ ಇದು. ಹನ್ನೆರಡು ಹಾಡು, ಎರಡೂ ಬದಿ ಸೇರಿ ಅರ್ಧ ಗಂಟೆಯೂ ಆಗುವುದಿಲ್ಲ. ಹೊದಿಕೆಯ ಮೇಲೆ ಬಾಯಿ ಅಗಲ ತೆರೆದು ಹಾಡುತ್ತಿರುವ ಒಂದು ಮುಖ, ತೀರಾ ಹತ್ತಿರದಿಂದ ತೆಗೆದದ್ದು.

ಪ್ರಶ್ನೆ: ನಾನು ಕರ್ನಾಟಕ ಸಂಗೀತ ಕೇಳಿಕೊಂಡು ಬೆಳೆದವನು, ಈಗ ನಿವೃತ್ತ ಶಿಕ್ಷಕ. ನಿಮ್ಮ ಮಾತು ಓದಿ ಮೊಮ್ಮಗನಿಂದ ಈ ಹಾಡುಗಳನ್ನು ಹಾಕಿಸಿಕೊಂಡು ಕೇಳಿದೆ. ಕಿರುಚಾಟ, ಪಿಯಾನೋ ಕುಟ್ಟುವ ಸದ್ದು, ಇಷ್ಟೇ ಕಿವಿಗೆ ಬಿತ್ತು. ನೀವು ಇದರಲ್ಲಿ ಕಂಡದ್ದೇನು?

ಉತ್ತರ: ಮೇಷ್ಟ್ರೇ, ದಯವಿಟ್ಟು ಇನ್ನೊಂದು ಸಲ ಹಾಕಿಸಿ. ಮೊದಲ ಹಾಡು ‘ಟುಟ್ಟಿ ಫ್ರುಟ್ಟಿ’ ಒಂದೇ ಸಾಕು, ಎರಡೂವರೆ ನಿಮಿಷವೂ ಇಲ್ಲ. ಈ ಸಲ ಹಾಡುವ ದನಿಯನ್ನು ಪಕ್ಕಕ್ಕಿಡಿ. ಪಿಯಾನೋದ ಬಲಗೈ ಮತ್ತು ಡ್ರಮ್ಮು, ಈ ಎರಡನ್ನು ಮಾತ್ರ ಹಿಡಿದುಕೊಳ್ಳಿ.

ನನ್ನದೇ ಕಥೆ ಹೇಳುತ್ತೇನೆ. ಹುಡುಗನಾಗಿದ್ದಾಗ ಏಳು ವರ್ಷ ಮೃದಂಗ ಕಲಿತೆ. ಆಮೇಲೆ ಹೊಟ್ಟೆಪಾಡಿಗೆ ವಾದ್ಯಗೋಷ್ಠಿಯಲ್ಲಿ ಡ್ರಮ್ಸ್ ಹಿಡಿದೆ. ಗಿಟಾರ್ ನುಡಿಸುವ ಗೆಳೆಯನೊಬ್ಬ ಒಂದು ಕ್ಯಾಸೆಟ್ ಕೊಟ್ಟು, ಇದರ ಬೀಟ್ ಬರೆದುಕೋ ಅಂದ. ಅದರಲ್ಲಿದ್ದದ್ದು ಇದೇ ಹಾಡು. ಬರೆದುಕೊಳ್ಳಲು ಕೂತೆ. ಪಿಯಾನೋ ಕೇಳಿಕೊಂಡು ಬರೆದರೆ ಒಂದು ಲೆಕ್ಕ, ಡ್ರಮ್ಮು ಕೇಳಿಕೊಂಡು ಬರೆದರೆ ಮತ್ತೊಂದು. ಹಾಳೆ ಹರಿದೆ, ಮತ್ತೆ ಬರೆದೆ. ಎರಡು ರಾತ್ರಿ ಹೀಗೇ ಹೋಯಿತು. ಮೂರನೇ ದಿನ ಟೇಪ್ ರೆಕಾರ್ಡರನ್ನು ಎತ್ತಿಕೊಂಡು ನೇರ ನನ್ನ ಮೃದಂಗದ ಗುರುಗಳ ಬಳಿ ಹೋದೆ. ಬೈಯುತ್ತಾರೆ ಎಂಬ ಹೆದರಿಕೆಯಿತ್ತು. ಅವರು ಒಂದೂ ಮಾತಾಡದೆ ಮೂರು ಸಲ ಕೇಳಿದರು. ನಾಲ್ಕನೇ ಸಲ ಎರಡು ಕೈಯನ್ನೂ ತೊಡೆಯ ಮೇಲಿಟ್ಟು, ಎಡಗೈಯಲ್ಲಿ ತಿಶ್ರ (ತಾಳದ ಒಂದು ಎಣಿಕೆಗೆ, ಅಂದರೆ ಮಾತ್ರೆಗೆ, ಮೂರು), ಬಲಗೈಯಲ್ಲಿ ಚತುರಶ್ರ (ಎರಡು, ನಾಲ್ಕರ ಸಮ ಲೆಕ್ಕ) ತಟ್ಟತೊಡಗಿದರು. “ಪಿಯಾನೋದವನ ಬಲಗೈ ಚತುರಶ್ರದಲ್ಲಿದೆ ಕಣೋ, ಡ್ರಮ್ಮಿನವನು ತಿಶ್ರ ಬಿಡ್ತಾ ಇಲ್ಲ. ಇಬ್ಬರೂ ಒಂದೊಂದು ಮಾತ್ರೆಯ ಶುರುವಿಗೆ ಮಾತ್ರ ಸರಿಯಾಗಿ ಬಂದು ಸೇರ್ತಾರೆ,” ಅಂದರು. ಆಮೇಲೆ ಐದನೇ ಸಲ ಹಾಕಿಸಿಕೊಂಡರು.

ಅವರು ಹೇಳಿದ್ದು ಅಕ್ಷರಶಃ ನಿಜ. ಈ ಹಾಡುಗಳಲ್ಲಿ ಹೆಚ್ಚಿನವು ಧ್ವನಿಮುದ್ರಣವಾದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ, ಕೋಸಿಮೊ ಮಟಾಸಾ ನಡೆಸುತ್ತಿದ್ದ ಪುಟ್ಟ ಸ್ಟುಡಿಯೋದಲ್ಲಿ. ಅಂಗಡಿಯೊಂದರ ಹಿಂಬದಿಯ ಕೋಣೆ ಅದು. ಅಲ್ಲಿ ನುಡಿಸಿದವರೆಲ್ಲ ಜಾಝ್‌ನಲ್ಲಿ ಪಳಗಿದ ಕೈಗಳು. ಜಾಝ್‌ನಲ್ಲೂ ಆಗಿನ ಕರಿಯರ ಜನಪ್ರಿಯ ಸಂಗೀತವಾದ ರಿದಂ ಅಂಡ್ ಬ್ಲೂಸ್‌ನಲ್ಲೂ ಒಂದು ಮಾತ್ರೆಯನ್ನು ಮೂರಾಗಿ ಒಡೆದು, ಮೊದಲನೆಯದನ್ನೂ ಮೂರನೆಯದನ್ನೂ ನುಡಿಸಿ ನಡುವಿನದನ್ನು ಬಿಡುತ್ತಾರೆ. ಕುದುರೆ ಜಿಗಿದು ನಡೆದಂತೆ ಕೇಳಿಸುತ್ತದೆ. ಇದನ್ನೇ ಅವರು ಶಫಲ್ ಅನ್ನುವುದು. ರಿಚರ್ಡ್‌ನ ಬಲಗೈ ಆ ಜಿಗಿತಕ್ಕೆ ಒಪ್ಪುವುದಿಲ್ಲ. ಮಾತ್ರೆಗೆ ಎರಡೇ ಎರಡು, ಸಮ ಅಂತರದಲ್ಲಿ, ಹೊಲಿಗೆ ಯಂತ್ರದ ಸೂಜಿಯ ಹಾಗೆ ಒಂದೇ ಸಮನೆ ಬೀಳುತ್ತದೆ.

ಡ್ರಮ್ಮಿನ ಹಿಂದೆ ಕೂತಿದ್ದವನು ಅರ್ಲ್ ಪಾಮರ್. ಬಾಲ್ಯದಲ್ಲಿ ಟ್ಯಾಪ್ ಕುಣಿತ ಮಾಡಿಕೊಂಡು ನಾಟಕ ತಂಡಗಳೊಂದಿಗೆ ತಿರುಗಿದವನು. ತಾಳವನ್ನು ಕೈಗಿಂತ ಮೊದಲು ಕಾಲಲ್ಲಿ ಕಲಿತವನು. ರಿಚರ್ಡ್‌ನ ಬಲಗೈಗೆ ಹೊಂದಿಸಿಕೊಳ್ಳಲು ಹೋಗಿಯೇ ತನ್ನ ಬೀಟ್ ಬದಲಾಯಿತು ಎಂದು ಅವನೇ ಮುಂದೆ ಹೇಳಿಕೊಂಡಿದ್ದಾನೆ. ‘ಟುಟ್ಟಿ ಫ್ರುಟ್ಟಿ’ಯಲ್ಲಿ ಇನ್ನೂ ಜಗ್ಗಾಟವಿದೆ. ಮುಂದಿನ ಒಂದೂವರೆ ವರ್ಷದ ಹಾಡುಗಳನ್ನು ಸಾಲಾಗಿ ಕೇಳುತ್ತ ಬನ್ನಿ, ಡ್ರಮ್ಮು ನಿಧಾನವಾಗಿ ತಿಶ್ರವನ್ನು ಬಿಟ್ಟುಕೊಡುತ್ತ ಬರುತ್ತದೆ. 1957ರ ‘ಲೂಸಿಲ್’ ಹೊತ್ತಿಗೆ ಇಡೀ ತಂಡ ಪಿಯಾನೋದ ದಾರಿಗೆ ಬಂದುಬಿಟ್ಟಿದೆ. ಇಂದು ಜಗತ್ತಿನ ಯಾವ ಮೂಲೆಯಲ್ಲಿ ರಾಕ್ ಬ್ಯಾಂಡ್ ಡ್ರಮ್ ಬಾರಿಸಿದರೂ ಅದರಲ್ಲಿ ಕೇಳುವ ನೇರ ನಡಿಗೆ ಇದೇ.

ಕಿರುಚಾಟ ಅಂದಿರಲ್ಲ, ಅದಕ್ಕೂ ಒಂದು ಮನೆತನವಿದೆ. ಜಾರ್ಜಿಯಾ ರಾಜ್ಯದ ಮೇಕನ್ ಊರಿನ ಚರ್ಚ್ ಹಾಡುಗಾರಿಕೆಯಲ್ಲಿ ಬೆಳೆದ ಹುಡುಗ ಅವನು. ಆ ತಾರಸ್ಥಾಯಿಯ ‘ವೂ’ ಎಂಬ ಕೂಗನ್ನು ಗಾಸ್ಪೆಲ್ (ಚರ್ಚಿನ ಭಕ್ತಿಗೀತೆ) ಗಾಯಕಿ ಮರಿಯನ್ ವಿಲಿಯಮ್ಸ್‌ ಅವರಿಂದ ಪಡೆದೆ ಎಂದು ಗೌರವದಿಂದ ಹೇಳುತ್ತಿದ್ದ. ಅದು ಗಂಟಲು ತಪ್ಪಿ ಬಂದದ್ದಲ್ಲ ಮೇಷ್ಟ್ರೇ. ಪ್ರತಿ ಸಲವೂ ಸ್ವರಕ್ಕೆ ಸರಿಯಾಗಿ ಹೋಗಿ ಕೂರುತ್ತದೆ. ಮೊಮ್ಮಗನ ಬಳಿ ಹಾರ್ಮೋನಿಯಂ ಇದ್ದರೆ ಒತ್ತಿ ನೋಡಿ.

ಪ್ರಶ್ನೆ: ಈ ಆಲ್ಬಂನಲ್ಲಿ ‘ಲೂಸಿಲ್’ ಇರುತ್ತದೆ ಅಂದುಕೊಂಡು ತರಿಸಿದೆ. ಇಲ್ಲವೇ ಇಲ್ಲ! ಅರ್ಧ ಹಾಡುಗಳ ಹೆಸರೂ ಕೇಳಿದ್ದಲ್ಲ. ನನಗೆ ಬಂದದ್ದು ಅಸಲಿಯೇ?

ಉತ್ತರ: ಹನ್ನೆರಡು ಹಾಡಿದ್ದು, ಮೊದಲ ಬದಿ ‘ಟುಟ್ಟಿ ಫ್ರುಟ್ಟಿ’ಯಿಂದಲೂ ಎರಡನೇ ಬದಿ ‘ಲಾಂಗ್ ಟಾಲ್ ಸ್ಯಾಲಿ’ಯಿಂದಲೂ ಶುರುವಾದರೆ ಹಾಡುಗಳ ಮಟ್ಟಿಗೆ ಸರಿಯಾದದ್ದೇ. ನಿಮ್ಮ ಬೇಸರದ ಹಿಂದೆ ಒಂದು ಒಳ್ಳೆಯ ವಿಷಯ ಅಡಗಿದೆ, ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಆಲ್ಬಂ ಅಂದರೆ ಒಂದು ಕೃತಿ, ಹಾಡುಗಾರ ಕೂತು ಯೋಚಿಸಿ ಮಾಡಿದ್ದು ಎಂಬ ಭಾವನೆ ನಮಗೆ ಆಮೇಲಿನ ಕಾಲದಿಂದ ಬಂದದ್ದು. 1950ರ ದಶಕದ ನಡುವಿನಲ್ಲಿ ಈ ಬಗೆಯ ಸಂಗೀತ ಬದುಕಿದ್ದದ್ದು ಸಿಂಗಲ್‌ಗಳಲ್ಲಿ. 7 ಅಂಗುಲದ ಪುಟ್ಟ ರೆಕಾರ್ಡ್, ನಿಮಿಷಕ್ಕೆ 45 ಸುತ್ತು, ಈ ಬದಿಗೊಂದು ಹಾಡು, ಆ ಬದಿಗೊಂದು. ಹಳೆಯ ಯಂತ್ರ ಇಟ್ಟುಕೊಂಡವರಿಗಾಗಿ 78 ಸುತ್ತಿನ ಗಡಸು ತಟ್ಟೆಯಲ್ಲೂ ಅದೇ ಹಾಡುಗಳನ್ನು ಬಿಡುತ್ತಿದ್ದರು. ಹುಡುಗ ಹುಡುಗಿಯರ ಕೈಯಲ್ಲಿದ್ದ ಕಾಸಿಗೆ ಸಿಗುತ್ತಿದ್ದದ್ದು ಇವೇ. ಸಿಂಗಲ್ ಒಂದಕ್ಕೆ ಒಂದು ಡಾಲರಿಗೂ ಕಡಿಮೆ, ಲಾಂಗ್ ಪ್ಲೇಗೆ ನಾಲ್ಕು ಡಾಲರ್‌ ಹತ್ತಿರ. ಜ್ಯೂಕ್‌ಬಾಕ್ಸ್‌ಗೆ ನಾಣ್ಯ ಹಾಕಿದರೆ ತಿರುಗುತ್ತಿದ್ದದ್ದೂ ಸಿಂಗಲ್ಲೇ. ಲಾಂಗ್ ಪ್ಲೇ ಎಂಬುದು ಆಮೇಲೆ ಕಟ್ಟಿಕೊಟ್ಟ ಬುಟ್ಟಿ.

ಈ ಬುಟ್ಟಿಯಲ್ಲಿ ಏನೇನು ಬಿತ್ತು ನೋಡಿ. ‘ಟುಟ್ಟಿ ಫ್ರುಟ್ಟಿ’ 1955ರ ಕೊನೆಯ ತಿಂಗಳುಗಳಲ್ಲಿ ಬಂದ ಸಿಂಗಲ್. ಅದರ ಹಿಂಬದಿಯಲ್ಲಿದ್ದ ‘ಐ ಆ್ಯಮ್ ಜಸ್ಟ್ ಎ ಲೋನ್ಲಿ ಗೈ’ ಎಂಬ ನಿಧಾನದ ಹಾಡನ್ನು ಆಲ್ಬಂಗೆ ಸೇರಿಸಲಿಲ್ಲ. 1956ರ ಮಾರ್ಚ್‌ನಲ್ಲಿ ‘ಲಾಂಗ್ ಟಾಲ್ ಸ್ಯಾಲಿ’ ಬಂತು, ಹಿಂಬದಿಯಲ್ಲಿ ‘ಸ್ಲಿಪ್ಪಿನ್ ಅಂಡ್ ಸ್ಲೈಡಿನ್’. ಅದೇ ವರ್ಷದ ಜೂನ್‌ನಲ್ಲಿ ‘ರಿಪ್ ಇಟ್ ಅಪ್’, ಹಿಂದೆ ‘ರೆಡಿ ಟೆಡ್ಡಿ’. ಈ ಎರಡು ಜೋಡಿಗಳ ನಾಲ್ಕೂ ಬದಿ ಆಲ್ಬಂನಲ್ಲಿವೆ. ಆಮೇಲಿನ ಸಿಂಗಲ್ಲಿನ ‘ಶೀಸ್ ಗಾಟ್ ಇಟ್’ ಆಲ್ಬಂಗೆ ಬಂತು, ಅದರ ಜೋಡಿ ‘ಹೀಬಿ ಜೀಬೀಸ್’ ಹೊರಗುಳಿಯಿತು. ಅಲ್ಲಿಗೆ ಜನ ಆಗಲೇ ಕೇಳಿದ್ದ ಹಾಡು ಆರು. ಉಳಿದ ಆರು ಹೊಸವು.

ಆ ಹೊಸ ಆರರಲ್ಲೂ ನಾಲ್ಕನ್ನು ಕಂಪನಿ ಆಮೇಲೆ ಸಿಂಗಲ್‌ ಬದಿಗಳಾಗಿ ಬಳಸಿಕೊಂಡಿತು. ‘ಜೆನ್ನಿ ಜೆನ್ನಿ’ ಮತ್ತು ‘ಮಿಸ್ ಆ್ಯನ್’ ಅದೇ ವರ್ಷ ಬೆನ್ನಿಗೆ ಬೆನ್ನು ಹಚ್ಚಿಕೊಂಡು ಬಂದವು. ‘ಜೆನ್ನಿ ಜೆನ್ನಿ’ ಜನಪ್ರಿಯ ಹಾಡುಗಳ ಪಾಪ್ ಪಟ್ಟಿಯಲ್ಲಿ 10ನೇ ಸ್ಥಾನಕ್ಕೇರಿತು. ‘ಕಾಂಟ್ ಬಿಲೀವ್ ಯು ವಾನ್ನಾ ಲೀವ್’ ಎಂಬುದು ‘ಕೀಪ್ ಎ ನಾಕಿನ್’ ಹಿಂಬದಿಗೆ ಹೋಯಿತು. ‘ಟ್ರೂ ಫೈನ್ ಮಾಮಾ’ 1958ರವರೆಗೆ ಕಾದು ‘ಊ! ಮೈ ಸೋಲ್’ ಬೆನ್ನು ಸೇರಿತು. ಒಂದೂ ವ್ಯರ್ಥವಾಗಬಾರದು ಎಂಬ ಸಣ್ಣ ಕಂಪನಿಯ ಎಚ್ಚರ ಇದು. ಮಾಲೀಕ ಆರ್ಟ್ ರೂಪ್ ಲೆಕ್ಕದಲ್ಲಿ ಬಿಗಿ ಮನುಷ್ಯ.

‘ಲೂಸಿಲ್’ ಸಿಂಗಲ್ ಬಂದದ್ದು 1957ರ ಫೆಬ್ರವರಿಯಲ್ಲಿ, ಆಲ್ಬಂಗೆ ಒಂದೇ ತಿಂಗಳು ಮೊದಲು. ಆಗಷ್ಟೇ ಅಂಗಡಿಯಲ್ಲಿ ಬಿಸಿಯಾಗಿ ಮಾರಾಟವಾಗುತ್ತಿದ್ದದ್ದನ್ನು ಬುಟ್ಟಿಗೆ ಯಾಕೆ ಹಾಕಬೇಕು? 1958ರ ಎರಡನೇ ಆಲ್ಬಂನಲ್ಲಿ ಅದು ಸೇರಿದೆ, ಅದನ್ನು ತರಿಸಿಕೊಳ್ಳಿ. ಆದರೆ ನಿಮ್ಮ ಕೈಯಲ್ಲಿರುವುದನ್ನು ವಾಪಸ್ ಮಾಡಬೇಡಿ. ಆ ಹನ್ನೆರಡು ಹಾಡುಗಳನ್ನು ಬಂದ ಕಾಲದ ಕ್ರಮದಲ್ಲಿ ಜೋಡಿಸಿಕೊಂಡು, ಜೋಡಿ ಜೋಡಿಯಾಗಿ ಕೇಳಿ. ಎರಡು ಹಾಡಿನ ನಡುವೆ ಎದ್ದು ತಟ್ಟೆ ತಿರುಗಿಸಿ ಹಾಕುವಷ್ಟು ಬಿಡುವು ಕೊಡಿ. ಈ ಹಾಡುಗಳು ಹುಟ್ಟಿದ್ದೇ ಆ ಬಿಡುವಿಗಾಗಿ. ಒಂದಾದ ಮೇಲೊಂದು ಹನ್ನೆರಡನ್ನೂ ಸುರಿದುಕೊಂಡರೆ ಎಲ್ಲವೂ ಒಂದೇ ಥರ ಅನ್ನಿಸಿಬಿಡುತ್ತದೆ, ಆ ಅನ್ಯಾಯ ಮಾಡಬೇಡಿ.

‘ಸ್ಲಿಪ್ಪಿನ್ ಅಂಡ್ ಸ್ಲೈಡಿನ್’ ಬಗ್ಗೆ ಒಂದು ಮಾತು. ಹಿಂಬದಿ ಅಂದರೆ ಉಳಿಕೆ ಸರಕು ಎಂದು ತಿಳಿದವರು ಇದನ್ನು ಕೇಳಬೇಕು. ನನ್ನ ಮಟ್ಟಿಗೆ ಇಡೀ ರೆಕಾರ್ಡಿನಲ್ಲಿ ಅತಿ ಚೆನ್ನಾಗಿ ನಡೆಯುವ ಹಾಡು ಇದೇ. ಇದರಲ್ಲಿ ರಿಚರ್ಡ್ ಕೂಗುವುದು ಕಡಿಮೆ. ದನಿಯನ್ನು ತಗ್ಗಿಸಿ, ಲಯದ ಮೇಲೆ ಜಾರಿಕೊಂಡು ಹೋಗುತ್ತಾನೆ.

ಪ್ರಶ್ನೆ: ‘ಟುಟ್ಟಿ ಫ್ರುಟ್ಟಿ’ ಶುರುವಿನಲ್ಲಿ ಬರುವ ‘ವಾಪ್ ಬಾಪ್ ಎ ಲೂ ಬಾಪ್’ ಎಂಬ ಆ ವಿಚಿತ್ರ ಶಬ್ದಗಳ ಅರ್ಥವೇನು? ಎಲ್ಲಿ ಹುಡುಕಿದರೂ ಬೇರೆ ಬೇರೆ ಥರ ಬರೆದಿದ್ದಾರೆ. (ಕಾಲೇಜು ವಿದ್ಯಾರ್ಥಿನಿ)

ಉತ್ತರ: ತಂಗಿ, ‘ತಕಧಿಮಿ ತಕಝಣು’ ಎಂಬುದಕ್ಕೆ ಅರ್ಥ ಹುಡುಕುತ್ತೀಯಾ? ಅದು ಜತಿ. ಇದೂ ಅದೇ. ಡ್ರಮ್ಮಿನ ಹೊಡೆತವನ್ನು ಬಾಯಲ್ಲಿ ಹೇಳಿದ್ದು. ಡ್ರಮ್ಮು ಹೇಗೆ ಬರಬೇಕು ಎಂದು ತನ್ನ ತಲೆಯಲ್ಲಿದ್ದ ನುಡಿಕಾರವನ್ನೇ ಅವನು ಬಾಯಿಬಿಟ್ಟು ಹೇಳಿದ್ದು. ಮೇಕನ್‌ನ ಗ್ರೇಹೌಂಡ್ ಬಸ್ ನಿಲ್ದಾಣದಲ್ಲಿ ಪಾತ್ರೆ ತೊಳೆಯುವ ಕೆಲಸದಲ್ಲಿದ್ದಾಗ, ಬೈಯಬೇಕೆನಿಸಿದಾಗಲೆಲ್ಲ ಬೈಗುಳದ ಬದಲು ಇದನ್ನು ಕೂಗುತ್ತಿದ್ದೆ ಎಂದು ಹೇಳಿಕೊಂಡಿದ್ದಾನೆ.

ಇನ್ನೂ ಒಂದು ಸೊಗಸು ಗಮನಿಸು. ಹಾಡಿನ ಒಂದೊಂದು ಸುತ್ತೂ ಹನ್ನೆರಡು ಬಾರ್ (ತಾಳದ ತುಂಡು), ಒಂದೊಂದು ಬಾರ್ ಅಂದರೆ ನಾಲ್ಕು ಮಾತ್ರೆ, ಒಟ್ಟು ನಲವತ್ತೆಂಟು. ಕೊನೆಯ ಎರಡು ಬಾರ್ ಬಂದಾಗ ವಾದ್ಯಗಳೆಲ್ಲ ಗಪ್ಪೆಂದು ನಿಲ್ಲುತ್ತವೆ. ಖಾಲಿ ಬಿಟ್ಟ ಆ ಎಂಟು ಮಾತ್ರೆಯೊಳಗೆ ಅವನೊಬ್ಬನೇ ಈ ಅಕ್ಷರಗಳನ್ನು ಹೇಳಿ ಮುಗಿಸುತ್ತಾನೆ. ಮುಗಿದ ಕ್ಷಣಕ್ಕೇ ಎಲ್ಲರೂ ಸಮಕ್ಕೆ, ಅಂದರೆ ಮುಂದಿನ ಸುತ್ತಿನ ಮೊದಲ ಮಾತ್ರೆಗೆ, ಬಂದು ಬೀಳುತ್ತಾರೆ. ಮುಕ್ತಾಯಕ್ಕೆ ಕಾದು ಕೂತು ಅಭ್ಯಾಸವಿರುವ ನಮ್ಮ ಕಿವಿಗೆ ಇದು ತೀರಾ ಪರಿಚಿತ ಸುಖ.

ಈ ಹಾಡು ಮುದ್ರಣವಾದ ಬಗೆಯನ್ನೂ ಕೇಳು. 1955ರ ಸೆಪ್ಟೆಂಬರ್ 14. ಕಂಪನಿಯ ಪರವಾಗಿ ಬಂದಿದ್ದವನು ಬಂಪ್ಸ್ ಬ್ಲ್ಯಾಕ್‌ವೆಲ್. ಹಿಂದಿನ ದಿನದಿಂದ ನಿಧಾನದ ಬ್ಲೂಸ್ ಹಾಡಿಸಿ ಹಾಡಿಸಿ ಅವನಿಗೆ ನಿರಾಸೆಯಾಗಿತ್ತು. ಊಟದ ಬಿಡುವಿನಲ್ಲಿ ಎಲ್ಲರೂ ಡ್ಯೂ ಡ್ರಾಪ್ ಇನ್ ಎಂಬ ಜಾಗಕ್ಕೆ ಹೋದರು. ಅಲ್ಲೊಂದು ಪಿಯಾನೋ, ಎದುರಿಗೆ ಜನ. ಸ್ಟುಡಿಯೋದಲ್ಲಿ ಮುದುಡಿಕೊಂಡಿದ್ದ ಹುಡುಗ ಅಲ್ಲಿ ಪಿಯಾನೋ ಮೇಲೆ ಎರಗಿ ತನ್ನ ಕ್ಲಬ್ಬಿನ ಪೋಲಿ ಹಾಡೊಂದನ್ನು ಹಾಡಿಬಿಟ್ಟ. ಬ್ಲ್ಯಾಕ್‌ವೆಲ್‌ಗೆ ಬೇಕಾಗಿದ್ದದ್ದು ಅದೇ. ಆದರೆ ಆ ಮಾತುಗಳನ್ನು ಯಾವ ರೇಡಿಯೋದವರೂ ಹಾಕುವಂತಿರಲಿಲ್ಲ. ಡೊರೊಥಿ ಲಬಾಸ್ಟ್ರಿ ಎಂಬ ಯುವತಿ ಹಾಡು ಬರೆಯುತ್ತಿದ್ದಳು, ಆಕೆಯನ್ನು ಕರೆಸಿ ಹೊಸ ಮಾತು ಬರೆಸಿದರು. ಪೋಲಿ ಸಾಲುಗಳನ್ನು ಒಬ್ಬ ಹೆಣ್ಣುಮಗಳ ಮುಂದೆ ಹಾಡಲು ರಿಚರ್ಡ್‌ಗೆ ಎಷ್ಟು ಸಂಕೋಚವೆಂದರೆ, ಗೋಡೆಯ ಕಡೆ ಮುಖ ಮಾಡಿ ಹಾಡಿದನಂತೆ. ಮಾತು ಕೈಗೆ ಬರುವಷ್ಟರಲ್ಲಿ ಸ್ಟುಡಿಯೋದ ಸಮಯ ಕಾಲು ಗಂಟೆ ಉಳಿದಿತ್ತು. ಆ ದಿನ ಪಿಯಾನೋಗೆ ಹ್ಯೂಯಿ ಸ್ಮಿತ್ ಎಂಬ ಬೇರೆ ವಾದಕನಿದ್ದ. ಅವನಿಗೆ ಕಲಿಸಲು ವ್ಯವಧಾನವಿಲ್ಲದೆ ರಿಚರ್ಡ್ ತಾನೇ ಕೂತ.

ಆ ಕಾಲು ಗಂಟೆಯನ್ನು ನಾನು ಎಷ್ಟೋ ಸಲ ನೆನೆಯುತ್ತೇನೆ. ಸಮಯ ಸಾಕಷ್ಟಿದ್ದಿದ್ದರೆ ಪಿಯಾನೋ ನುರಿತ ವಾದಕನ ಕೈಗೆ ಹೋಗುತ್ತಿತ್ತು, ಮೇಲಿನ ಪತ್ರಕ್ಕೆ ಉತ್ತರಿಸುತ್ತ ಹೇಳಿದ ಆ ಬಲಗೈ ಈ ಹಾಡಿನಲ್ಲಿ ಇರುತ್ತಿರಲಿಲ್ಲ.

ಪ್ರಶ್ನೆ: ‘ಟುಟ್ಟಿ ಫ್ರುಟ್ಟಿ’ಯನ್ನು ಬಿಳಿಯ ಹಾಡುಗಾರ ಪ್ಯಾಟ್ ಬೂನ್ ಕೂಡ ಹಾಡಿದ್ದಾನೆ, ಅದೇ ಹೆಚ್ಚು ಓಡಿತು ಎಂದು ಓದಿದೆ. ಯಾರ ಹಾಡು ಯಾರದು?

ಉತ್ತರ: ಹಾಡು ರಿಚರ್ಡ್‌ನದು. ಓಡಿದ್ದರ ವಿಷಯ ನೀವು ಓದಿದ್ದು ನಿಜ, ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆಗಿನ ಅಮೆರಿಕದಲ್ಲಿ ಕರಿಯರಿಗೂ ಬಿಳಿಯರಿಗೂ ಬಸ್ಸಿನ ಸೀಟಿನ ಹಾಗೆ ಹಾಡಿನ ಪಟ್ಟಿಯೂ ಬೇರೆ ಬೇರೆ. ಬಿಲ್‌ಬೋರ್ಡ್ ಪತ್ರಿಕೆಯ ರಿದಂ ಅಂಡ್ ಬ್ಲೂಸ್ ಪಟ್ಟಿ ಕರಿಯ ಕೇಳುಗರ ಮಾರುಕಟ್ಟೆಯದು, ಪಾಪ್ ಪಟ್ಟಿ ಮುಖ್ಯವಾಗಿ ಬಿಳಿಯರದು. ಕರಿಯ ಹಾಡುಗಾರನ ಹಾಡು ಓಡತೊಡಗಿದರೆ, ಅದನ್ನೇ ಬಿಳಿಯ ಹಾಡುಗಾರನಿಂದ ಮೆತ್ತಗೆ ಹಾಡಿಸಿ ದೊಡ್ಡ ರೇಡಿಯೋ ಕೇಂದ್ರಗಳಿಗೆ ಕೊಡುವುದು ರೂಢಿ. ‘ಟುಟ್ಟಿ ಫ್ರುಟ್ಟಿ’ ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಿ 2ನೇ ಸ್ಥಾನದಲ್ಲಿತ್ತು, ಪಾಪ್ ಪಟ್ಟಿಯಲ್ಲಿ 17ಕ್ಕೆ ನಿಂತಿತು. ಬೂನ್ ಹಾಡಿದ್ದು 12ಕ್ಕೇರಿತು.

ಮುಂದಿನ ಸಲಕ್ಕೆ ಬ್ಲ್ಯಾಕ್‌ವೆಲ್ ಮತ್ತು ರಿಚರ್ಡ್ ಒಂದು ಹಟ ಹಿಡಿದರು. ‘ಲಾಂಗ್ ಟಾಲ್ ಸ್ಯಾಲಿ’ಯ ಕಾಲಪ್ರಮಾಣ ಏರಿಸಿ, ಬೂನ್‌ನ ನಾಲಿಗೆ ಹೊರಳದಂತೆ ಸಾಲುಗಳನ್ನು ಒತ್ತೊತ್ತಾಗಿ ತುಂಬಿದರು. ಬ್ಲ್ಯಾಕ್‌ವೆಲ್ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದ. ಬೂನ್ ಅದನ್ನೂ ಹಾಡಿದ, 8ನೇ ಸ್ಥಾನಕ್ಕೂ ಬಂದ. ಆದರೆ ರಿಚರ್ಡ್ 6ರಲ್ಲಿದ್ದ. ರಿದಂ ಅಂಡ್ ಬ್ಲೂಸ್ ಪಟ್ಟಿಯಲ್ಲಂತೂ 1. ಅಂಕಿಗಳಲ್ಲಿ ನನಗೆ ಅಷ್ಟು ಆಸಕ್ತಿಯಿಲ್ಲ, ಈ ಆರು ಮತ್ತು ಎಂಟರ ವ್ಯತ್ಯಾಸ ಮಾತ್ರ ಬಾಯಿಪಾಠ.

ದುಡ್ಡಿನ ಮಾತು ಬೇರೆಯದೇ ನೋವು. ರಿಚರ್ಡ್ ಹೇಳಿಕೊಂಡ ಪ್ರಕಾರ, ‘ಟುಟ್ಟಿ ಫ್ರುಟ್ಟಿ’ಯ ಹಕ್ಕು 50 ಡಾಲರಿಗೆ ಹೋಯಿತು, ಒಂದು ರೆಕಾರ್ಡಿಗೆ ಅವನ ಪಾಲು ಅರ್ಧ ಸೆಂಟ್. ಲಕ್ಷ ಪ್ರತಿ ಮಾರಾಟವಾದರೆ ಕೈಗೆ 500 ಡಾಲರ್. ಬೇರೆಯವರು ಹಾಡಿದಾಗ ಅದರ ಹಕ್ಕಿನ ಹಣವೂ ಅವನ ಕೈ ಸೇರಲಿಲ್ಲ. ಹಾಡಿದವರೋ ಕಡಿಮೆಯಿಲ್ಲ. ಎಲ್ವಿಸ್ ಪ್ರೀಸ್ಲಿ ಒಬ್ಬನೇ 1956ರ ತನ್ನ ಎರಡು ಆಲ್ಬಂಗಳಲ್ಲಿ ಸೇರಿ ಈ ರೆಕಾರ್ಡಿನ ನಾಲ್ಕು ಹಾಡು ಹಾಡಿದ್ದಾನೆ. ಬೀಟಲ್ಸ್‌ ತಂಡ ‘ಲಾಂಗ್ ಟಾಲ್ ಸ್ಯಾಲಿ’ಯನ್ನು 1964ರಲ್ಲಿ ಒಂದೇ ಸಲ ಹಾಡಿ ಮುದ್ರಿಸಿ ಮುಗಿಸಿತು. 1966ರ ಆಗಸ್ಟ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಟಿಕೆಟ್ ಇಟ್ಟು ಮಾಡಿದ ತನ್ನ ಕೊನೆಯ ಕಛೇರಿಯನ್ನು ಮುಗಿಸಿದ್ದೂ ಅದೇ ಹಾಡಿನಿಂದ.

ಪ್ರಶ್ನೆ: ನನ್ನ ಬಳಿಯ ಹಳೆಯ ರಾಕ್ ಅಂಡ್ ರೋಲ್ ರೆಕಾರ್ಡೊಂದರ ಮೇಲೆ ‘ಸ್ಟೀರಿಯೋ’ ಅಂತಿದೆ. ಕೇಳಿದರೆ ಬಾವಿಯೊಳಗಿಂದ ಹಾಡಿದ ಹಾಗಿದೆ. ಮುಳ್ಳು ಬದಲಾಯಿಸಬೇಕೇ?

ಉತ್ತರ: ಮುಳ್ಳಿನ ತಪ್ಪಿಲ್ಲ. ಸ್ಟೀರಿಯೋ (ಎಡಕ್ಕೊಂದು, ಬಲಕ್ಕೊಂದು ದನಿಯ ಹಾದಿ) ಲಾಂಗ್ ಪ್ಲೇ ಮಾರುಕಟ್ಟೆಗೆ ಬಂದದ್ದೇ 1958ರಲ್ಲಿ. ಈ ಹಾಡುಗಳೆಲ್ಲ ಅದಕ್ಕೂ ಮೊದಲಿನ ಮಾನೋ, ಅಂದರೆ ಒಂದೇ ದನಿಯ ಹಾದಿಯ, ಮುದ್ರಣಗಳು. ಇಡೀ ತಂಡ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿಗೆ, ಒಂದೇ ಟ್ರ್ಯಾಕಿಗೆ. ಆಮೇಲೆ ಸ್ಟೀರಿಯೋ ಎಂಬ ಚೀಟಿ ಇಲ್ಲದೆ ಮಾರಾಟವಾಗದ ಕಾಲ ಬಂದಾಗ ಎಷ್ಟೋ ಕಂಪನಿಗಳು ಹಳೆಯ ಮಾನೋವನ್ನೇ ಎರಡಾಗಿ ಸೀಳಿ, ಒಂದು ಕಡೆ ಮಂದ್ರ, ಇನ್ನೊಂದು ಕಡೆ ತಾರ ಹೆಚ್ಚಿಸಿ, ಪ್ರತಿಧ್ವನಿ ಬೆರೆಸಿ ಬಿಟ್ಟವು. ಬಾವಿಯ ದನಿ ಅಲ್ಲಿಂದ ಬಂದದ್ದು. ನಿಮ್ಮ ಆ್ಯಂಪ್ಲಿಫೈಯರ್‌ನಲ್ಲಿ ಮಾನೋ ಬಟನ್ ಇದ್ದರೆ ಒತ್ತಿ, ಅರ್ಧ ವಾಸಿಯಾಗುತ್ತದೆ. ಕೊಳ್ಳುವಾಗ ಮಾನೋ ಎಂದು ಬರೆದದ್ದನ್ನೇ ಕೊಳ್ಳಿ.

ಪ್ರಶ್ನೆ: ರೆಕಾರ್ಡಿನಲ್ಲಿ ನುಡಿಸಿದ್ದು ಅವನ ಸ್ವಂತ ಬ್ಯಾಂಡೇ?

ಉತ್ತರ: ಬಹುಪಾಲು ಅಲ್ಲ. ಊರೂರು ತಿರುಗುವಾಗ ಅವನ ಜೊತೆಗಿದ್ದದ್ದು ‘ದಿ ಅಪ್‌ಸೆಟರ್ಸ್’. ನ್ಯೂ ಆರ್ಲಿಯನ್ಸ್‌ನ ಸ್ಟುಡಿಯೋದಲ್ಲಿ ಮಾತ್ರ ಅಲ್ಲಿನ ನುರಿತವರು: ಪಾಮರ್‌ನ ಜೊತೆ ಬಾಸ್‌ಗೆ ಫ್ರ್ಯಾಂಕ್ ಫೀಲ್ಡ್ಸ್, ಟೆನರ್ ಸ್ಯಾಕ್ಸೊಫೋನ್‌ಗೆ ಲೀ ಆ್ಯಲೆನ್, ಬ್ಯಾರಿಟೋನ್‌ಗೆ ಆಲ್ವಿನ್ ಟೈಲರ್. ರಾಕ್ ಅಂದರೆ ಗಿಟಾರ್ ಅಂದುಕೊಂಡವರಿಗೆ ಇಲ್ಲಿ ಅಚ್ಚರಿ ಕಾದಿದೆ, ಈ ರೆಕಾರ್ಡಿನಲ್ಲಿ ಮುಂದೆ ಬಂದು ಮಾತಾಡುವುದು ಸ್ಯಾಕ್ಸೊಫೋನ್. ರಿಚರ್ಡ್ ಒಂದು ಕೂಗು ಹಾಕಿ ಸರಿದು ನಿಂತಾಗ, ಆ ಕೂಗಿನ ತುದಿಯಿಂದಲೇ ಲೀ ಆ್ಯಲೆನ್ ಎತ್ತಿಕೊಳ್ಳುತ್ತಾನೆ.

ಪ್ರಶ್ನೆ: ಇಷ್ಟೆಲ್ಲ ಹೆಸರು ಮಾಡಿದವನು ಆ ವರ್ಷವೇ ಹಾಡುವುದನ್ನು ಬಿಟ್ಟನಂತೆ. ನಿಜವೇ?

ಉತ್ತರ: ನಿಜ. ಆಲ್ಬಂ ಬಂದ ಏಳು ತಿಂಗಳಿಗೆ, 1957ರ ಅಕ್ಟೋಬರ್‌ನಲ್ಲಿ, ಆಸ್ಟ್ರೇಲಿಯಾ ಪ್ರವಾಸದ ನಡುವೆ. ರಷ್ಯಾದ ಸ್ಪುಟ್ನಿಕ್ ಉಪಗ್ರಹ ಆಕಾಶಕ್ಕೇರಿದ ದಿನಗಳವು. ಕಛೇರಿ ನಡೆಯುತ್ತಿದ್ದಾಗ ಆಕಾಶದಲ್ಲಿ ಕಂಡ ಬೆಂಕಿಯ ಉಂಡೆಯನ್ನು ದೇವರ ಸೂಚನೆ ಎಂದು ತಿಳಿದ. ಅಲ್ಲಿನ ಹಂಟರ್ ನದಿಗೆ ತನ್ನ ಬೆಲೆಬಾಳುವ ಉಂಗುರವನ್ನೇ ಎಸೆದು, ಇನ್ನು ಈ ಹಾಡು ಸಾಕು ಎಂದ. ಅಲಬಾಮಾದ ಓಕ್‌ವುಡ್ ಕಾಲೇಜಿಗೆ ಧರ್ಮಶಾಸ್ತ್ರ ಓದಲು ಸೇರಿಕೊಂಡ. 1962ರಲ್ಲಿ ಇಂಗ್ಲೆಂಡಿನ ಪ್ರವಾಸದಲ್ಲಿ ಮತ್ತೆ ಇವೇ ಹಾಡುಗಳಿಗೆ ಮರಳಿದ. ಮುಂದೆಯೂ ಬಹಳ ಕಾಲ ದೇವರು ಒಂದು ಕಡೆ, ಪಿಯಾನೋ ಒಂದು ಕಡೆ ಎಳೆಯುತ್ತಲೇ ಇದ್ದವು. 2020ರ ಮೇ 9ರಂದು ತೀರಿಕೊಂಡಾಗ ಅವನಿಗೆ 87. ಅವನ ಆ ತೊಳಲಾಟವನ್ನು ಲಘುವಾಗಿ ನೋಡುವುದು ನನ್ನಿಂದಾಗದು. ಚರ್ಚಿನಲ್ಲಿ ಕಲಿತ ದನಿಯಿಂದಲೇ ಅವನು ಕ್ಲಬ್ಬಿನಲ್ಲಿ ಹಾಡುತ್ತಿದ್ದ. ಎರಡೂ ಅವನದೇ.

ಪ್ರಶ್ನೆ: ಎಂಟು ತಿಂಗಳಿಂದ ಡ್ರಮ್ಸ್ ಕಲಿಯುತ್ತಿದ್ದೇನೆ. ಈ ರೆಕಾರ್ಡಿನಲ್ಲಿ ಯಾವ ಹಾಡಿಗೆ ಅಭ್ಯಾಸ ಮಾಡಲಿ?

ಉತ್ತರ: ಈ ಪ್ರಶ್ನೆಗೇ ಕಾದಿದ್ದೆ. ‘ರೆಡಿ ಟೆಡ್ಡಿ’ ಹಿಡಿ.

ಶುರುವಿನಲ್ಲಿ ತಂಡ ಒಂದೇ ಒಂದು ಹೊಡೆತ ಹೊಡೆದು ಸುಮ್ಮನಾಗುತ್ತದೆ, ರಿಚರ್ಡ್ ಒಬ್ಬನೇ ಹಾಡುತ್ತಾನೆ. ಮತ್ತೆ ಹೊಡೆತ, ಮತ್ತೆ ಮೌನ. ನಿನ್ನ ಕೋಲು ಆ ಮೌನದಲ್ಲಿ ಏನೂ ಮಾಡಬಾರದು. ಕಲಿಯುವವರಿಗೆ ಅತಿ ಕಷ್ಟದ ಪಾಠ ಇದೇ. ಕೈ ತುರಿಸುತ್ತದೆ, ತುಂಬಬೇಕೆನಿಸುತ್ತದೆ. ತುಂಬಬೇಡ. ಬಾಯಲ್ಲಿ ‘ತಕ ತಕ ತಕ ತಕ’ ಎಣಿಸುತ್ತ ಕೂರು. ಮುಂದಿನ ಹೊಡೆತಕ್ಕೆ ಒಂದು ಕೂದಲೆಳೆ ಮೊದಲೂ ಬೀಳದೆ, ತಡವೂ ಆಗದೆ ಬರುವುದು ಸಾಧ್ಯವಾದ ಮೇಲೆ ಮುಂದಕ್ಕೆ ಹೋಗು. ನನಗೆ ಇದು ಕೂಡಿಬರಲು ಒಂದು ತಿಂಗಳು ಹಿಡಿಯಿತು.

ತಂಡ ಪೂರ್ತಿ ಸೇರಿದಾಗ ಸ್ನೇರ್‌ನ ಗಟ್ಟಿ ಪೆಟ್ಟು ಎರಡನೇ ಮತ್ತು ನಾಲ್ಕನೇ ಮಾತ್ರೆಗೆ ಬೀಳಬೇಕು. ಸಮಕ್ಕೆ ಒತ್ತು ಕೊಟ್ಟು ಬೆಳೆದ ಕೈಗೆ ಇದು ಉಲ್ಟಾ ಅನ್ನಿಸುತ್ತದೆ. ಅದಕ್ಕೆ ಮೊದಲು ಡ್ರಮ್ ಮುಟ್ಟದೆ, ಒಂದು ಮೂರಕ್ಕೆ ಕಾಲು ತಟ್ಟಿ, ಎರಡು ನಾಲ್ಕಕ್ಕೆ ಚಪ್ಪಾಳೆ ಹಾಕಿ ಇಡೀ ಹಾಡನ್ನು ದಾಟು.

ಇದಾದ ಮೇಲೆ ‘ಟುಟ್ಟಿ ಫ್ರುಟ್ಟಿ’ಗೆ ಬಾ. ಮೊದಲ ದಿನ ಸಿಂಬಲ್ ಮೇಲೆ ಪಾಮರ್‌ನ ತಿಶ್ರದ ಜೊತೆ ಹೋಗು. ಎರಡನೇ ದಿನ ರಿಚರ್ಡ್‌ನ ಬಲಗೈ ಜೊತೆ ಚತುರಶ್ರದಲ್ಲಿ. ಮೂರನೇ ದಿನ ಡ್ರಮ್ಮಿನಿಂದ ಎದ್ದು ಬಂದು ನೆಲದ ಮೇಲೆ ಕೂತು, ನನ್ನ ಗುರುಗಳು ಮಾಡಿದಂತೆ ಎಡಗೈಯಲ್ಲಿ ಅದು, ಬಲಗೈಯಲ್ಲಿ ಇದು ತಟ್ಟಿ ನೋಡು. ಕೂಡಿಬಂದ ದಿನ ನನಗೊಂದು ಪತ್ರ ಹಾಕು.